ಅಂಗಳಕ್ಕೆ ಬಿದ್ದ ಚರಗ

ಜಮಖಂಡಿಯಲ್ಲಿ ಮನೆ ಕೊಂಡ ಮೊದಲ ಎಳ್ಳಮಾವಾಸ್ಯೆಯ ಬೆಳಿಗ್ಗೆ ಗುರುತಿಲ್ಲದ ಮುದುಕಿಯೊಬ್ಬಳು ಗೇಟು ತೆಗೆದು ಒಳಗೆ ಬಂದು, ಅಂಗಳದ ಮೂಲೆಮೂಲೆಗೂ ಅನ್ನ ಎರಚತೊಡಗಿದಳು. ಅನ್ನದ ಜೊತೆ ಕಡುಬಿನ ಚೂರು, ಪುಂಡಿಪಲ್ಲೆ ಎಲ್ಲ ಹೊಸ ಟೈಲ್ಸ್ ಮೇಲೆ. ನಾನು ಮಂಡ್ಯದ ಕಡೆಯವಳು. ಅಮಾವಾಸ್ಯೆಯ ದಿನ ಮನೆ ಮುಂದೆ ಅನ್ನ ಚೆಲ್ಲಿದರೆ ನಮ್ಮ ಕಡೆ ಏನೆಂದುಕೊಳ್ಳುತ್ತಾರೆಂದು ನಿಮಗೆ ಗೊತ್ತೇ ಇದೆ. ಮಾಟ!

"ಯಾರಮ್ಮ ನೀನು? ಏನು ಮಾಡ್ತಿದ್ದೀಯಾ?"

"ನಾ ಗಂಗವ್ವರೀ. ಇದು ನಮ್ಮ ಹೊಲಾರಿ..."

"ಯಾವ ಹೊಲ? ಇದು ನನ್ನ ಮನೆ. ನಡಿ ಆಚೆ!"

ಆಕೆ ನನ್ನ ಮುಖವನ್ನೂ ನೆಲವನ್ನೂ ಒಂದು ಸಲ ನೋಡಿದಳು. ಬುಟ್ಟಿ ಎತ್ತಿಕೊಂಡು ಹೋದಳು. ನಾನು ಪೈಪು ಹಿಡಿದು ಅಂಗಳ ತೊಳೆದೆ.

ನಮ್ಮ ಬಡಾವಣೆ ಮುಧೋಳ ರಸ್ತೆಗಿದೆ. ಮೊದಲು ಜೋಳದ ಹೊಲ, ಆಮೇಲೆ ಕಬ್ಬು, ಆಮೇಲೆ ಪ್ಲಾಟಿನ ಕಲ್ಲು. ಕಾಲೇಜಿಗೆ ವರ್ಗವಾಗಿ ಬಂದ ನನ್ನಂಥವರು, ಬನಹಟ್ಟಿಯ ಮಗ್ಗದ ಮಾಲೀಕರು, ಬೀಳಗಿ ಕಡೆ ಅಣೆಕಟ್ಟಿನ ಹಿನ್ನೀರಿಗೆ ಊರು ಕಳೆದುಕೊಂಡವರು ಇಲ್ಲಿ ಗೋಡೆಗೆ ಗೋಡೆ ಹಚ್ಚಿ ಇದ್ದೇವೆ. ಮೊದಮೊದಲು ಇಲ್ಲಿಯ ಮಾತು ಕೇಳಿದರೆ ಎಲ್ಲರೂ ನನ್ನನ್ನೇ ಗದರಿಸುತ್ತಿದ್ದಾರೆ ಅನ್ನಿಸುತ್ತಿತ್ತು. ಮುದ್ದೆ ತಿಂದ ಕೈಗೆ ರೊಟ್ಟಿ ಬಡಿಯುವುದು ಒಲಿಯಲು ಆರು ತಿಂಗಳು ಬೇಕಾಯಿತು. ಹರಿಯದ ಮೊದಲ ರೊಟ್ಟಿಯ ಫೋಟೋ ತೆಗೆದು ಅಣ್ಣನಿಗೆ ಕಳಿಸಿದ್ದೆ.

ಆದರೆ ಗೋಡೆ ಮಾತ್ರ ಒಲಿಯಲಿಲ್ಲ. ಒಂದೇ ಮಳೆಗಾಲಕ್ಕೆ ಅಡುಗೆಮನೆಯಲ್ಲಿ ಉದ್ದನೆಯ ಬಿರುಕು ಬಿಟ್ಟಿತು. ನೋಡಲು ಬಂದ ಗಾರೆ ಕೆಲಸದ ಗೌಂಡಿ ನಕ್ಕುಬಿಟ್ಟ. "ಎರಿ ಮಣ್ಣರೀ. ಮಳ್ಯಾಗ ಉಬ್ಬತೈತಿ, ಬ್ಯಾಸಗ್ಯಾಗ ಬಿರಿತೈತಿ. ತಾ ಹೊಲಾ ಅನ್ನೂದು ಅದಿನ್ನಾ ಮರ್ತಿಲ್ಲ."

ಅಮಾವಾಸ್ಯೆಯ ಆ ಸಂಜೆ ಬೀಳಗಿ ಕಡೆಯಿಂದ ಬಂದ ಪಕ್ಕದ ಮನೆಯ ಸಂಗಪ್ಪ ಮಾಸ್ತರರಿಗೆ ನನ್ನ ಪರಾಕ್ರಮ ಹೇಳಿಕೊಂಡೆ. ಅವರು ತಲೆಗೆ ಕೈ ಹಚ್ಚಿದರು.

"ಅಯ್ಯ ಮೇಡಂ, ಎಂಥಾ ಕೆಲಸಾ ಮಾಡಿದ್ರಿ! ಆಕಿ ಚರಗಾ ಚೆಲ್ಲಾಕ ಬಂದಿದ್ಲು."

ಬೆಳೆ ಹೊತ್ತು ನಿಂತ ಭೂಮಿಗೆ ಈ ದಿನ ಇಲ್ಲಿಯವರು ಉಣ್ಣಿಸುತ್ತಾರೆ. ಮನೆಯಲ್ಲಿ ಮಾಡಿದ್ದೆಲ್ಲವನ್ನೂ ಕಲಸಿ ಹೊಲದ ತುಂಬ ಚೆಲ್ಲುವುದೇ ಚರಗ. ಗಂಗವ್ವನ ಮಕ್ಕಳು ಹೊಲ ಮಾರಿದ ಮೇಲೂ ಆಕೆ ವರ್ಷವೂ ಬರುತ್ತಿದ್ದಳಂತೆ. ಪ್ಲಾಟು ಖಾಲಿ ಇದ್ದಾಗ ಯಾರೂ ಕೇಳಿರಲಿಲ್ಲ.

"ನೀವೆಲ್ಲಿ ಚೆಲ್ತೀರಿ ಮಾಸ್ತರೇ?"

"ನಮ್ಮ ಹೊಲದಾಗ ಈಗ ಮೀನ ಅದಾವರಿ. ದಂಡಿಗಿ ನಿಂತು ನೀರಾಗ ಒಗದು ಬರ್ತೀನಿ."

ಮರುದಿನವೇ ಗಂಗವ್ವನ ಮನೆಗೆ ಹೋಗಬೇಕಿತ್ತು. ಹೋಗಲಿಲ್ಲ. ಏನೆಂದು ಹೇಳುವುದೆಂಬ ನಾಚಿಕೆಯಲ್ಲೇ ಒಂದು ವರ್ಷ ಕಳೆದೆ. ಮುಂದಿನ ಎಳ್ಳಮಾವಾಸ್ಯೆಗೆ ಮಾಸ್ತರರ ಹೆಂಡತಿಯನ್ನು ಕೇಳಿ ಸಜ್ಜೆ ರೊಟ್ಟಿ, ಕಡುಬು ಮಾಡಿದೆ. ಗೇಟು ತೆರೆದಿಟ್ಟು ಕಾದೆ. ಮಧ್ಯಾಹ್ನವಾದರೂ ಆಕೆ ಬರಲಿಲ್ಲ. ಕೊನೆಗೆ ಡಬ್ಬಿ ಕಟ್ಟಿಕೊಂಡು ಹಳೇ ಊರಿನ ಓಣಿಯಲ್ಲಿ ಆಕೆಯ ಮನೆ ಹುಡುಕಿದೆ. ಕಟ್ಟೆಯ ಮೇಲೆ ಕುಳಿತಿದ್ದಳು. ತಪ್ಪಾಯಿತು, ಈಗಲಾದರೂ ಬಾ ಎಂದೆ.

"ನಿಮ್ಮ ಮ್ಯಾಲ ಸಿಟ್ಟಿಲ್ಲರೀ," ಅಂದಳು. "ಖರೆ ಹೇಳ್ಲ್ಯಾ? ಮಕ್ಕಳು ಸಹಿ ಮಾಡಿದಾಗ ಹೊಲಾ ಹೋತು ಅನ್ನಿಸಿದ್ದಿಲ್ಲ. ನೀವು ನಡಿ ಅಂದ್ರಿ ನೋಡ್ರಿ, ಅವತ್ತ ಹೋತು."

ಕೈಯಲ್ಲಿದ್ದ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟೆ. ಆಕೆಯೇ ಸರಿದು ಜಾಗ ಮಾಡಿ, ನಿಮ್ಮ ಕಡೆ ಹೊಲ ಇಲ್ಲವೇ ಎಂದು ಕೇಳಿದಳು.

ಇತ್ತು ಎಂದೆ. ಅಪ್ಪನ ಗದ್ದೆ, ಹೆದ್ದಾರಿಗೆ ಹತ್ತಿರ. ಅಪ್ಪ ಹೋದ ಮೇಲೆ ಅಣ್ಣನೂ ನಾನೂ ಮಾರಿದೆವು. ನನ್ನ ಪಾಲಿನಿಂದಲೇ ಈ ಮನೆ ಬಂದದ್ದು. ಅಲ್ಲೂ ಈಗ ಬಡಾವಣೆ.

"ಅದರಾಗ ಯಾರ ಮನೀ ಐತಿ?"

"ಗೊತ್ತಿಲ್ಲ ಗಂಗವ್ವ. ಮಾರಿದ ಮೇಲೆ ಆ ಕಡೆ ಹೋಗೇ ಇಲ್ಲ."

ಗಂಗವ್ವ ಡಬ್ಬಿ ತೆಗೆದು, ಒಂದು ಕಡುಬು ಮುರಿದು ಅರ್ಧ ನನ್ನ ಕೈಗಿಟ್ಟಳು.

"ಒಮ್ಮಿ ಹೋಗಿ ಬರ್ರಿ," ಅಂದಳು. "ಬೈದ್ರ, ಬೈಸಿಕೊಂಡು ಬರ್ರಿ."