ಹೊಟ್ಟೆ ಉರಿ ಎಂದಾಗ ನಾನು ಬರೆದುಕೊಂಡದ್ದು

ಕೋವಿಡ್ ಬರುವುದಕ್ಕೆ ಹಿಂದಿನ ವರ್ಷ. ನಾನಾಗ ಸರ್ಕಾರಿ ಸೇವೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದೆ. ಹುದ್ದೆ ಹಾವೇರಿಯಲ್ಲಿ, ಮಂಗಳವಾರ ರಾಣೇಬೆನ್ನೂರಿಗೆ, ಶುಕ್ರವಾರ ಬ್ಯಾಡಗಿಗೆ ಹೋಗಿ ರೋಗಿಗಳನ್ನು ನೋಡುತ್ತಿದ್ದೆ. ಈ ಪ್ರಕರಣ ಬ್ಯಾಡಗಿಯದು. ಹೆಸರುಗಳನ್ನು ಬದಲಿಸಿದ್ದೇನೆ, ನನ್ನ ತಪ್ಪನ್ನು ಬದಲಿಸಿಲ್ಲ.

ಗಂಗವ್ವನಿಗೆ ನಲವತ್ತೇಳು ವರ್ಷ. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ. ಎರಡು ತಿಂಗಳಿಂದ ಗಂಟಲು ಕಟ್ಟಿದಂತಾಗಿ ತುತ್ತು ಇಳಿಯುತ್ತಿರಲಿಲ್ಲ. ಇಸಿಜಿ, ಎಂಡೋಸ್ಕೋಪಿ, ಥೈರಾಯ್ಡ್ ಎಲ್ಲ ನಾರ್ಮಲ್. ಆರು ಕಿಲೋ ಇಳಿದ ಮೇಲೆ ವೈದ್ಯರು ನನ್ನ ಹತ್ತಿರ ಕಳಿಸಿದರು.

"ಕುತ್ಗಿ ಹಿಚಕಿದಂಗ ಆಗತೈತ್ರಿ. ಎದಿ ಬಿಗೀತೈತಿ, ಹೊಟ್ಟಿ ಉರೀತೈತಿ" ಎಂದಳು.

"ಆ ಹೊತ್ತಿಗೆ ಮನಸ್ಸಿಗೆ ಏನ್ ಅನಸ್ತೈತಿ?"

"ಮನಸ್ಸಿಗೇನಿಲ್ರಿ. ಕುತ್ಗಿಗೇ ಆಗೂದು."

ತಮ್ಮ ಭಾವನೆ ಯಾವುದೆಂದು ಗುರುತಿಸಲು, ಅದನ್ನು ಮಾತಿನಲ್ಲಿ ಹೇಳಲು ಕಷ್ಟಪಡುವವರಿರುತ್ತಾರೆ. ಇದನ್ನು ಅಲೆಕ್ಸಿಥೈಮಿಯಾ ಎನ್ನುತ್ತಾರೆ. ಅಳೆಯಲು ಇಪ್ಪತ್ತು ಹೇಳಿಕೆಗಳ ಒಂದು ಪ್ರಶ್ನಾವಳಿ ಇದೆ. ಪ್ರತಿ ಹೇಳಿಕೆ ತನಗೆ ಎಷ್ಟು ಒಪ್ಪುತ್ತದೆ ಎಂದು ರೋಗಿ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ಒಟ್ಟು ಅರವತ್ತು ದಾಟಿದರೆ ಕಷ್ಟ ಇದೆ ಎಂದು ಅರ್ಥ. ಗಂಗವ್ವನಿಗೆ ಓದು ಬಾರದ್ದರಿಂದ ನಾನೇ ಓದಿ ಹೇಳಿ ಗುರುತು ಹಾಕಿಕೊಂಡೆ. ಎಪ್ಪತ್ನಾಲ್ಕು ಬಂತು. ನನಗೆ ಒಳಗೊಳಗೇ ಖುಷಿಯಾಯಿತು. ಮುಂದಿನ ತಿಂಗಳು ಹಾವೇರಿಯ ವೈದ್ಯರ ಸಭೆಯಲ್ಲಿ ಮಂಡಿಸಲು ಇಷ್ಟು ಸ್ಪಷ್ಟವಾದ ಕೇಸು ಸಿಕ್ಕಿರಲಿಲ್ಲ.

ಮೂರನೆಯ ಶುಕ್ರವಾರ ಬ್ಯಾಡಗಿ ಆಸ್ಪತ್ರೆಯ ನರ್ಸ್ ರೇಣುಕಾ ಒಳಗೆ ಬಂದಳು. ಕೆಲಸಕ್ಕೆ ಸೇರಿ ಎರಡೇ ವರ್ಷ. ರೋಗಿಗಳು ನನ್ನ ಕೋಣೆಗೆ ಬರುವ ಮೊದಲು, "ರೇಣುಕಕ್ಕ ಅದಾಳೇನ್ರಿ?" ಎಂದು ಕೇಳುವುದು ಆಗಲೇ ರೂಢಿಯಾಗಿತ್ತು.

"ಮೇಡಂ, ಗಂಗಕ್ಕಗ ಕೂಸಿನ್ನ ಎರಿಯೂ ಹೊತ್ತಿಗೇ ಹಿಂಗ ಆಗತೈತಂತ್ರಿ."

ಹೊರಗಿನ ಬೆಂಚಿನ ಮೇಲೆ ಬಿಪಿ ನೋಡುತ್ತ, "ಯಾವಾಗ ಆಗತೈತಿ ಇದು?" ಎಂದು ಅವಳು ಕೇಳಿದ್ದಳಂತೆ. ಗಂಗವ್ವ ಎಲ್ಲ ಹೇಳಿದ್ದಳು. ಮಗಳು ಶಿಲ್ಪಾ ಬಾಣಂತನಕ್ಕೆ ರಾಣೇಬೆನ್ನೂರಿನ ಗಂಡನ ಮನೆಯಿಂದ ಬಂದಿದ್ದಳು. ಮೊದಲ ವಾರ ಗಂಗವ್ವ ಕೂಸನ್ನು ಎರೆಯಲು, ಅಂದರೆ ಎಣ್ಣೆ ಹಚ್ಚಿ ನೀರು ಹಾಕಲು, ಹೋದಾಗ ಕೂಸು ಚೀರಿ ಅತ್ತಿತು. ಎಷ್ಟು ತೊಳೆದರೂ ಕೈಯಲ್ಲಿ ಮೆಣಸಿನಕಾಯಿಯ ಖಾರ ಉಳಿದಿತ್ತು. "ಬ್ಯಾಡ ಬಿಡವ್ವ, ನಿನ್ನ ಕೈ ಉರೀತಾವು. ಚಿಗವ್ವ ಎರೀತಾಳ" ಎಂದಳು ಮಗಳು. ಚಿಗವ್ವ ಎಂದರೆ ಗಂಗವ್ವನ ತಂಗಿ ನೀಲವ್ವ. ಗಂಡ ತೀರಿದ ಮೇಲೆ ಅಕ್ಕನ ಮನೆಯಲ್ಲೇ ಇದ್ದವಳು. ಅಂದಿನಿಂದ ಎರೆಯುವುದು, ತೊಟ್ಟಿಲು ತೂಗುವುದು ಎಲ್ಲ ನೀಲವ್ವನದೇ. ಗಂಗವ್ವ ಕೂಸನ್ನು ಮುಟ್ಟುವುದನ್ನೇ ಬಿಟ್ಟಳು. ತಾಯಿಗೆ ಮೊಮ್ಮಗು ಬೇಡವಾಗಿದೆ ಎಂದುಕೊಂಡ ಶಿಲ್ಪಾ, ಐದು ತಿಂಗಳು ಇರಬೇಕಾದವಳು ಬರುವ ಭಾನುವಾರವೇ ಹೊರಟಿದ್ದಳು. ಮತ್ತೆ ಈ ಮನೆಗೆ ಬರುವುದಿಲ್ಲ ಎಂದೂ ಹೇಳಿದ್ದಳು.

"ಆಕಿ ಹೊಟ್ಟಿ ಉರೀತೈತಿ ಅಂದಿದ್ದು ತಂಗಿ ಮ್ಯಾಲ್ರಿ" ಎಂದಳು ರೇಣುಕಾ.

ಫೈಲು ತೆರೆದೇ ಇತ್ತು. ಮೊದಲ ದಿನ ನಾನು ಬರೆದದ್ದು: "ಹೊಟ್ಟೆ ಉರಿ, ಅಸಿಡಿಟಿ ಇರಬಹುದು." ಕನ್ನಡದಲ್ಲಿ ಹುಟ್ಟಿ ಬೆಳೆದವಳು ನಾನು.

ಆಗ ನಾನು ಹೇಳಿದ ಮಾತು ಇಂದಿಗೂ ನಾಚಿಕೆ ತರುತ್ತದೆ. "ಸಿಸ್ಟರ್, ನಿಮ್ಮ ಕೆಲಸ ಬಿಪಿ ನೋಡೋದು. ಕೌನ್ಸೆಲಿಂಗ್ ನಿಮ್ಮದಲ್ಲ."

ಅವಳ ಮುಖ ಇಳಿಯಿತು. "ತಪ್ಪಾತ್ರಿ ಮೇಡಂ. ಆಕಿ ಹೇಳಿದ್ಲು, ನಾ ಕೇಳಿದೆ ಅಷ್ಟ."

ಶಿಸ್ತಿಗಾಗಿ ಹಾಗೆ ಹೇಳಿದೆ ಎಂದು ಹಾವೇರಿಯ ಬಸ್ಸಿನಲ್ಲಿ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಮಾಧಾನವಾಗಲಿಲ್ಲ. ಚೀಲದಲ್ಲಿದ್ದ ಖಾಲಿ ಪ್ರಶ್ನಾವಳಿ ತೆಗೆದು ನನಗಾಗಿ ತುಂಬಿದೆ. ಮೂವತ್ತೊಂದು ಬಂತು. ನನ್ನ ಭಾವನೆ ನನಗೆ ಗೊಂದಲ ಎಂಬ ಹೇಳಿಕೆಗೆ "ಖಂಡಿತ ಇಲ್ಲ" ಎಂದು ಗುರುತು ಹಾಕಿದ್ದೆ. ಆ ಗುರುತನ್ನು ನೋಡುತ್ತ ಕುಳಿತಾಗ ಹೊಳೆಯಿತು: ನನಗಾದದ್ದು ಶಿಸ್ತಿನ ಕಾಳಜಿಯಲ್ಲ, ಮತ್ಸರ. ನನ್ನೆದುರು ಬಾಯಿ ಬಿಡದ ಗಂಗವ್ವ ರೇಣುಕಾಳೆದುರು ಬಿಟ್ಟಳಲ್ಲ ಎಂಬ ಮತ್ಸರ. ತಮಗೆ ಗೊತ್ತಿಲ್ಲ ಎಂಬುದೇ ಗೊತ್ತಿಲ್ಲದವರಿಗೆ ಆ ಕಾಗದ ಒಳ್ಳೆಯ ಅಂಕವನ್ನೇ ಕೊಡುತ್ತದೆ.

ಮುಂದಿನ ಶುಕ್ರವಾರದವರೆಗೆ ಕಾದರೆ ಶಿಲ್ಪಾ ಹೋಗಿಬಿಡುತ್ತಿದ್ದಳು. ಮರುದಿನ ಬೆಳಿಗ್ಗೆಯೇ ಬ್ಯಾಡಗಿಗೆ ಹೋಗಿ ಮೊದಲು ರೇಣುಕಾಳ ಕ್ಷಮೆ ಕೇಳಿದೆ. "ನಿಮ್ಮನ್ನ ಕಂಡು ನನಗೆ ಹೊಟ್ಟೆಕಿಚ್ಚಾಗಿತ್ತು" ಎಂದೆ. ಅವಳು ಚಹಾ ತರಿಸಿದಳು. ಆಮೇಲೆ ಗಂಗವ್ವನನ್ನು ಕರೆಸಿ ಮೂವರೂ ಕುಳಿತೆವು.

"ಸ್ವಂತ ತಂಗಿರಿ. ಗಂಡನ್ನ ಕಳಕೊಂಡಾಕಿ. ಆಕಿ ಕೂಸಿನ್ನ ಎತ್ತಿದ್ರ ಕಸಕೋಬೇಕು ಅನಸ್ತೈತಿ. ನಾ ಎಂಥಾ ಹೆಂಗಸ್ರಿ?" ಎಂದು ಗಂಗವ್ವ ಅತ್ತಳು.

"ಇದನ್ನ ಮಗಳಿಗೆ ಹೇಳೀರೇನ್?"

"ಹೆಂಗ ಹೇಳ್ಲಿ? ನಗತಾಳ."

ಸಂಜೆ ಹೇಳಿದಳಂತೆ. ಮಗಳು ನಗಲಿಲ್ಲ. ಆದರೂ ಭಾನುವಾರ ಹೊರಟೇ ಹೋದಳು. ಗಂಡ ಕರೆಯಲು ಬಂದಾಗಿತ್ತು. ಆದರೆ ಹೋಗುವಾಗ, "ನಾಕ್ ದಿನ ಕೆಲಸ ಬಿಟ್ಟು ಬಾರವ್ವ, ನೀನ ಎರೀವಂತಿ" ಎಂದಿದ್ದಳು. ಗಂಗವ್ವ ನಾಲ್ಕು ದಿನ ಮೆಣಸಿನಕಾಯಿ ಮುಟ್ಟದೆ, ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು, ಐದನೆಯ ದಿನ ರಾಣೇಬೆನ್ನೂರಿಗೆ ಹೋಗಿ ಕೂಸನ್ನು ಎರೆದಳು. ಕೂಸು ಅತ್ತಿತು, ಆದರೆ ಅದು ನೀರಿಗೆ ಎಲ್ಲ ಕೂಸುಗಳೂ ಅಳುವ ಅಳು ಎಂದು ನನಗೆ ವಿವರಿಸಿ ಹೇಳಿದಳು.

ಮೂರು ತಿಂಗಳ ನಂತರ ಅವಳ ಅಂಕ ಅರವತ್ತೆಂಟು. ಕಾಗದದ ಪ್ರಕಾರ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲ. ಊಟ ಮಾತ್ರ ಸರಿಯಾಗಿ ಇಳಿಯುತ್ತಿತ್ತು. "ನೀಲವ್ವನ್ನ ಕಂಡ್ರ ಒಮ್ಮೊಮ್ಮೆ ಇನ್ನೂ ಆಗತೈತ್ರಿ. ಆದ್ರ ಈಗ ಯಾಕಂತ ಗೊತ್ತೈತಿ" ಎಂದಳು.

ಇದರ ನಡುವೆ ಹಾವೇರಿಯ ಸಭೆಯಲ್ಲಿ ಈ ಕೇಸನ್ನು ಮಂಡಿಸಿದೆ. ಸರಿಯಾದ ಪ್ರಶ್ನೆ ಕೇಳಿದ್ದು ರೇಣುಕಾ ಎಂದೂ ಹೇಳಿದೆ, ಹೇಳಲು ಸುಲಭವಾಗಲಿಲ್ಲ. ಅಂದಿನಿಂದ ನಿವೃತ್ತಿಯವರೆಗೆ ಒಂದು ನಿಯಮ ಇಟ್ಟುಕೊಂಡೆ. ಅಂಕ ಹಾಕುವ ಮೊದಲು ರೋಗಿಯ ಮಾತನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳುವುದು, ಅರ್ಥವಾಯಿತು ಎನಿಸಿದರೂ ಅವರನ್ನೇ ಮತ್ತೊಮ್ಮೆ ಕೇಳುವುದು. ಅಳೆಯುವ ಕೆಲಸದಲ್ಲಿ ತಪ್ಪುವುದು ಬಹಳ ಸಲ ಹೇಳುವವರ ನಾಲಿಗೆಯಲ್ಲ, ಕೇಳುವವರ ಕಿವಿ.