ನೆಲ ಮುಟ್ಟಿದ ಕಂಬಿ

ನಿಜಾಮರ ಕಾಲ. ಮೆಟ್ರಿಕ್ ಮುಗಿಸಿದ ವರ್ಷ ನಮ್ಮೂರು ನಿಂಬರ್ಗಾದಿಂದ ಕಾಕಾನ ಜೊತೆ ಶ್ರೀಶೈಲಕ್ಕೆ ನಡೆದು ಹೋಗಿದ್ದೆ. ಸೊಸೆಯ ಹೆರಿಗೆ ಸುಸೂತ್ರವಾಗಲೆಂದು ಹರಕೆ ಹೊತ್ತು ಕಾಕಾ ಶ್ರೀಶೈಲದ ಮಲ್ಲಯ್ಯನ ಕಂಬಿಯನ್ನು, ಆ ಹರಕೆಯ ಕಾವಡಿಯನ್ನು, ಹೆಗಲಿಗೇರಿಸಿದ್ದರು. ಗುಡಿ ತಲುಪುವ ತನಕ ಅದು ನೆಲಕ್ಕೆ ತಾಗಬಾರದು. ತಾಗಿದರೆ ಹರಕೆ ಮುರಿದಂತೆ.

ಕಡೆಯ ರಾತ್ರಿಯೆಲ್ಲ ಬೆಟ್ಟದ ಕಾಡಿನಲ್ಲಿ ಪಂಜು ಹಿಡಿದು ನಡೆದೆವು. ನಸುಕಿನಲ್ಲಿ ಕಾಕಾನ ಬರಿಗಾಲಿಗೆ ಮುಳ್ಳು ನಟ್ಟಿತು. ಅವರು ಕಂಬಿ ನನಗೆ ಕೊಟ್ಟು ಕೂತರು. ನಾನು ಏರು ಹತ್ತಿ ಮುಂದೆ ಹೋದೆ. ಅಷ್ಟರಲ್ಲಿ ಬೆಳಕು ಹರಿಯಿತು. ತೊಗರಿ ಹೊಲದ ಬಯಲಲ್ಲಿ ಬೆಳೆದವನು ನಾನು. ಮಬ್ಬಿನಿಂದ ಒಂದರ ಹಿಂದೊಂದು ಮೇಲೇಳುತ್ತಿದ್ದ ಬೆಟ್ಟಗಳನ್ನು, ನನ್ನ ಕಾಲಿಗಿಂತ ಕೆಳಗೆ ಹಾರುತ್ತಿದ್ದ ಹದ್ದನ್ನು ಕಂಡು ನಿಂತುಬಿಟ್ಟೆ. ಕೈಗಳು ತಾವೇ ಮುಗಿದವು. ಕಂಬಿ ಹೆಗಲಿಂದ ಜಾರಿ ತರಗೆಲೆಯ ಮೇಲೆ ಬಿತ್ತು.

ಅದನ್ನು ಎತ್ತಿ ಹೆಗಲಿಗಿಟ್ಟುಕೊಂಡ ಮೇಲೆ ಕಾಕಾ ಕುಂಟುತ್ತ ಬಂದರು.

"ದೆವ್ವ ಕಂಡವರಂಗ ನಿಂತೀಯಲ್ಲಲೇ! ಕಂಬಿ ನೆಲಕ್ಕ ಹಚ್ಚಿಲ್ಲ ಹೌದಿಲ್ಲೋ?"

"ಇಲ್ರಿ ಕಾಕಾ."

ಅವರು ಕಂಬಿಗೆ ಹಣೆ ಹಚ್ಚಿ ಹೊತ್ತುಕೊಂಡರು. ಊರು ತಲುಪುವ ತನಕ ಸೊಸೆಯ ನೆನಪಾದಾಗಲೆಲ್ಲ ಮಲ್ಲಯ್ಯನಲ್ಲಿ ತಪ್ಪೊಪ್ಪಿಕೊಳ್ಳುತ್ತಿದ್ದೆ. ಬಂದು ನೋಡಿದರೆ ಬಾಣಂತಿಯೂ ಕೂಸೂ ಸುಖವಾಗಿದ್ದರು. "ಹರಕೆ ನಡೆಸಿಕೊಟ್ಟವ ಇವನು" ಎಂದು ಕಾಕಾ ಸಾಯುವ ತನಕ ನನ್ನ ಬೆನ್ನು ತಟ್ಟಿದರು.

ತಪ್ಪಾಯಿತು ಕಾಕಾ. ಆದರೆ ಆ ಬೆಟ್ಟಗಳು ನೆನಪಾದರೆ ಈಗಲೂ ಕೈಗಳು ತಾವೇ ಮುಗಿಯುತ್ತವೆ.