ಅವ್ವನ ಟೆಂಟು, ಮಗಳ ಟೆಂಟು

ಹೋದ ವರ್ಷ ಈಸ್ಟರ್ ರಜೆಗೆ ಮಗಳ ಶಾಲೆಯವರು ಮಕ್ಕಳನ್ನು ಮೊರಾಕೊ ದೇಶಕ್ಕೆ ಕರೆದುಕೊಂಡು ಹೋಗುವುದೆಂದು ತೀರ್ಮಾನವಾಯಿತು. ಊರು ನೋಡಲಿಕ್ಕಲ್ಲ. ಅಲ್ಲಿಯ ಎತ್ತರದ ಬೆಟ್ಟಗಳ ಆಚೆ ಮಗ್ಗುಲಲ್ಲಿ, ಮೋಡಗಳು ದಾಟಿ ಬರದ ಕಡೆ, ಹುಲ್ಲಿಗಿಂತ ಕಲ್ಲೇ ಹೆಚ್ಚಿರುವ ಮರುಭೂಮಿಯಂಥ ಜಾಗದಲ್ಲಿ ನಡೆದು, ಟೆಂಟು ಹಾಕಿ, ನೆಲದ ಮೇಲೆ ಮಲಗಿ ಬರಲಿಕ್ಕೆ. ಮಗಳಿಗೆ ಆಗ ಹದಿನೈದು. ಪರೀಕ್ಷೆಯಲ್ಲಿ ಗೆದ್ದವರಿಗಷ್ಟೇ ಸೀಟು ಕೊಡುವ, ಲಂಡನ್ನಿನ ಸಟನ್ ಕಡೆಯ ಆ ಗ್ರಾಮರ್ ಶಾಲೆಗೆ ಸೇರಲೆಂದು ಅವಳನ್ನು ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಎಳೆದಾಡಿದ್ದೆವು. ಸೀಟು ಸಿಕ್ಕ ಶಾಲೆ ಈಗ ಅವಳನ್ನು ನೆಲದ ಮೇಲೆ ಮಲಗಿಸಲು ಹೊರಟಿತ್ತು.

ಆಗುವುದಿಲ್ಲ ಅಂದೆ.

"ವೈ?" ಅಂದಳು.

"ಯಾಕಂದ್ರ ಆಗಂಗಿಲ್ಲ."

"ಅದು ರೀಸನ್ ಅಲ್ಲ, ಅಮ್ಮಾ."

ರೀಸನ್ ನನ್ನ ಹತ್ತಿರ ಇತ್ತು. ನನ್ನ ಅಪ್ಪ ಅವ್ವ ವಿಜಯಪುರದ ಕಡೆಯವರು, ರಸ್ತೆ ಕೆಲಸದವರು. ಡಾಂಬರು ಹಾಕುವ ಗ್ಯಾಂಗಿನ ಜೊತೆ ಕಾರವಾರ, ಗೋವಾ, ರತ್ನಾಗಿರಿ ಅಂತ ರಸ್ತೆ ಹೋದಲ್ಲಿ ಹೋದವರು. ರಸ್ತೆ ಒಂದಿಷ್ಟು ಮುಂದೆ ಹೋದರೆ ಟೆಂಟೂ ಕಿತ್ತುಕೊಂಡು ಮುಂದೆ. ನಾಲ್ಕು ಬಿದಿರಿನ ಗಳ, ಮೇಲೊಂದು ತಾಡಪತ್ರಿ, ಎದುರಿಗೆ ಮೂರು ಕಲ್ಲಿನ ಒಲೆ. ನಮ್ಮ ಮನೆತನದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಮೊದಲನೆಯವಳು ನಾನು, ಬಿ.ಎಸ್ಸಿ. ಮಾಡಿದ ಮೊದಲನೆಯವಳೂ ನಾನೇ. ಈಗ ಇಲ್ಲಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತೇನೆ. ಇದನ್ನು ನಾನು ಯಾರ ಮುಂದೆಯೂ ಮುಚ್ಚಿಟ್ಟವಳಲ್ಲ. ಕ್ರೋಯ್ಡನ್ ಕಡೆಯ ಕನ್ನಡದವರು ಊಟಕ್ಕೆ ಸೇರಿದಾಗ, ಮೈಸೂರಿನ ಡಾಕ್ಟರ್ ಮನೆತನದ ಯಾರಾದರೂ ತಾತ ಕಟ್ಟಿಸಿದ ಬಂಗಲೆಯ ಮಾತೆತ್ತಿದರೆ, "ನಾವು ಟೆಂಟಿನ್ಯಾಗ ಬೆಳದವ್ರು ನೋಡ್ರಿ" ಅನ್ನುತ್ತಿದ್ದೆ. ಒಂದು ಕ್ಷಣ ಎಲ್ಲರ ಚಮಚಗಳೂ ನಿಲ್ಲುತ್ತಿದ್ದವು. ಆ ಕ್ಷಣ ನನಗೆ ಇಷ್ಟವಾಗುತ್ತಿತ್ತು.

ಗಂಡನೂ ಅಂಥದೇ ಒಂದು ಮೈಸೂರಿನ ಮನೆತನದವರು. "ಹೋಗ್ಲಿ ಬಿಡೇ, ಅವಳ ಕ್ಲಾಸಿನವರೆಲ್ಲಾ ಹೋಗ್ತಿದಾರೆ" ಅಂದರು.

"ಟೆಂಟಂದ್ರ ನಿಮಗೇನ್ ಗೊತ್ತದ?"

ಆ ವಿಷಯದಲ್ಲಿ ನಮ್ಮ ಮನೆಯಲ್ಲಿ ನನ್ನ ಮಾತಿನ ಮೇಲೆ ಮಾತಿರಲಿಲ್ಲ.

ಮಗಳು ಅಳಲಿಲ್ಲ, ಕೂಗಾಡಲಿಲ್ಲ. ಊಟಕ್ಕೆ ಬಂದು ಕುಳಿತು, ತಟ್ಟೆ ನೋಡುತ್ತ ತಿಂದು, ಎದ್ದು ಹೋಗುತ್ತಿದ್ದಳು. ಒಂದು ವಾರ ಹೀಗೆ ನಡೆಯಿತು. ಅವಳಿಗೆ ಆ ಪ್ರವಾಸ ಎಷ್ಟು ಬೇಕಾಗಿತ್ತು ಅನ್ನುವುದು ನನಗೆ ಗೊತ್ತಾದದ್ದು ಆ ಮೌನದಿಂದಲೇ. ಬೂಟು ಪಳಗಿಸಬೇಕೆಂದು ಮನೆಯೊಳಗೇ ಬೂಟು ಹಾಕಿಕೊಂಡು ಓಡಾಡುತ್ತಿದ್ದವಳು ಅದನ್ನೂ ಬಿಟ್ಟಿದ್ದಳು.

ಶಾಲೆಯವರದೊಂದು ಷರತ್ತಿತ್ತು. ಹೊರಡುವ ಮೊದಲು ಪ್ರತಿಯೊಂದು ಮಗುವೂ ಮನೆಯವರ ಜೊತೆ ಒಂದು ರಾತ್ರಿಯಾದರೂ ಟೆಂಟಿನಲ್ಲಿ ಮಲಗಿರಬೇಕು. ತಂದೆ ತಾಯಿ ತಮ್ಮ ಒಪ್ಪಿಗೆಯನ್ನು ಸೋಮವಾರದೊಳಗೆ ತಿಳಿಸಬೇಕು. ಇದನ್ನು ಕೇಳಿ ನನಗೊಂದು ಉಪಾಯ ಹೊಳೆಯಿತು. ಒಂದು ರಾತ್ರಿ ನೆಲದ ಮೇಲೆ ಬಿದ್ದುಕೊಳ್ಳಲಿ. ಮಾರ್ಚ್ ತಿಂಗಳ ಥಂಡಿ. ಬೆಳಗಾಗುವಷ್ಟರಲ್ಲಿ ತಾನೇ ಬೇಡ ಅನ್ನುತ್ತಾಳೆ, ನನ್ನ ಮೇಲೆ ತಪ್ಪು ಬರುವುದಿಲ್ಲ.

ಹಾಗೆ ಶನಿವಾರ ಮಧ್ಯಾಹ್ನ ಲಂಡನ್ನಿನ ಅಂಚಿನ ಒಂದು ಕ್ಯಾಂಪ್‌ಸೈಟಿಗೆ ಬಂದೆವು. ಗಂಡ ಕಾರಿನಲ್ಲಿ ನಮ್ಮನ್ನು ಬಿಟ್ಟು ಡ್ಯೂಟಿಗೆ ಹೋದರು. ಬೇಲಿಯಾಚೆ ಕೆಂಪು ಬಸ್ಸು ಹೋಗುವುದು ಕಾಣುತ್ತಿತ್ತು. ಒಳಗೆ ಕತ್ತರಿಸಿದ ಹುಲ್ಲು, ಒಂದೊಂದು ಟೆಂಟಿಗೂ ನಂಬರ್ ಹಾಕಿದ ಜಾಗ, ಫೋನ್ ಚಾರ್ಜ್ ಮಾಡಲು ಪ್ಲಗ್ಗು, ಪಾತ್ರೆ ತೊಳೆಯಲು ಬಿಸಿನೀರು, ಸ್ನಾನಕ್ಕೆ ಶವರು.

"ಇದೇನ ಟೆಂಟಿನ ಜೀವನ?" ಅಂದೆ. "ನಮ್ಮ ಫ್ಲ್ಯಾಟಿಗಿಂತ ಛಲೋ ಅದ."

"ಇದು ಡೆವಲಪ್ಡ್ ಸೈಟ್. ಮೊರಾಕೊದಲ್ಲೂ ಮೊದಲ ಎರಡು ನೈಟ್ ಹೀಗೇ, ನಲ್ಲಿ, ಟಾಯ್ಲೆಟ್ ಎಲ್ಲಾ ಇರುತ್ತೆ. ಆಮೇಲೆ ಪ್ರಿಮಿಟಿವ್ ಸೈಟ್. ಅಲ್ಲಿ ನಥಿಂಗ್. ನೀರೂ ನಾವೇ ಕ್ಯಾರಿ ಮಾಡಬೇಕು."

"ಏನೂ ಇಲ್ಲದ್ದಕ್ಕೂ ಒಂದು ಹೆಸರೇನ? ಹಂಗಾರ ನಮ್ಮವ್ವ ಪ್ರಿಮಿಟಿವ್ ಸೈಟಿನ್ಯಾಗ ಸಂಸಾರ ಮಾಡ್ಯಾಳ."

"ನಾನು ಹಾಗೆ ಹೇಳಲಿಲ್ಲ, ಅಮ್ಮಾ."

ಟೆಂಟನ್ನು ಅವಳೇ ಕಟ್ಟಿದಳು. ಶಾಲೆಯವರು ಕಲಿಸಿದ್ದರಂತೆ. ನನ್ನನ್ನು ಒಂದು ಗೂಟವನ್ನೂ ಮುಟ್ಟಗೊಡಲಿಲ್ಲ. ನಾನು ನಿಂತು ಆಕಾಶ ನೋಡಿದೆ. ಮೋಡ ಕಟ್ಟಿತ್ತು. ಟೆಂಟಿನ ಸುತ್ತ ನೀರು ಹರಿದು ಹೋಗಲು ದಾರಿ ಮಾಡಿರಲಿಲ್ಲ. ಇಷ್ಟು ದೊಡ್ಡ ಶಾಲೆ, ಅಷ್ಟೂ ಕಲಿಸಿಲ್ಲವಲ್ಲ ಅಂದುಕೊಂಡೆ. ಅವಳು ನೀರು ತರಲು ಹೋದಾಗ ಚೀಲದಲ್ಲಿದ್ದ ಸಣ್ಣ ಸಲಿಕೆ ತೆಗೆದು, ಅಪ್ಪ ಮಾಡುತ್ತಿದ್ದ ಹಾಗೆ ಟೆಂಟಿನ ಸುತ್ತ ಚರಂಡಿ ತೋಡತೊಡಗಿದೆ. ಹದವಾದ ಮಣ್ಣು. ಕೈ ಮರೆತಿರಲಿಲ್ಲ. ಎರಡು ಮಗ್ಗುಲು ಮುಗಿಸಿ ಮೂರನೆಯದಕ್ಕೆ ತಿರುಗಿದಾಗ ಎದುರಿಗೆ ಒಂದು ಜೊತೆ ಬೂಟು ಕಂಡವು.

ಸೈಟಿನ ಮೇಲ್ವಿಚಾರಕ. ವಯಸ್ಸಾದ ಮನುಷ್ಯ. "ಮೇಡಂ, ಏನಾದರೂ ಹೂಳುತ್ತಿದ್ದೀರಾ?" ಎಂದು ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಕೇಳಿದ.

ಮಳೆ ಬಂದರೆ ನೀರು ಒಳಗೆ ನುಗ್ಗದಿರಲಿ ಅಂತ, ಅಂದೆ. ಅವನು ಬಗ್ಗಿ ಟೆಂಟಿನ ಬಾಗಿಲು ಎತ್ತಿ ತೋರಿಸಿದ. ತಳದ ಹಾಳೆ ಗೋಡೆಗೇ ಹೊಲಿದಿತ್ತು, ತೊಟ್ಟಿಯ ಹಾಗೆ. ನೀರು ಬರಲು ಸಂದಿಯೇ ಇರಲಿಲ್ಲ. ಈ ಹುಲ್ಲು ಬೆಳೆಸಲು ತನಗೆ ಎಷ್ಟು ಕಷ್ಟವಾಗಿದೆ ಅನ್ನುವುದನ್ನೂ ಹೇಳಿದ. ಅಷ್ಟರಲ್ಲಿ ಮಗಳು ನೀರಿನ ಕ್ಯಾನು ಹಿಡಿದು ಬಂದಳು.

"ಅಮ್ಮಾ! ಓ ಮೈ ಗಾಡ್. ವಾಟ್ ಹ್ಯಾವ್ ಯು ಡನ್?"

ಅಗೆದದ್ದನ್ನು ಮೂವರೂ ಸೇರಿ ಮುಚ್ಚಿದೆವು. ಮೇಲ್ವಿಚಾರಕ ಹುಲ್ಲಿನ ಹೆಂಟೆಗಳನ್ನು ಒಂದೊಂದಾಗಿ ಜೋಡಿಸಿ ಕಾಲಿನಿಂದ ಒತ್ತಿದ. ಹೋಗುವಾಗ ಮಗಳ ಕಡೆ ತಿರುಗಿ, "ನಿಮ್ಮಮ್ಮನಿಗೆ ಕೆಲಸ ಬರುತ್ತದೆ. ಜಾಗ ಮಾತ್ರ ತಪ್ಪು" ಅಂದ. ಮಗಳು ನಕ್ಕಳು. ಒಂದು ವಾರದ ಮೇಲೆ ನಕ್ಕಿದ್ದಳು, ಅದಕ್ಕೇ ನನಗೆ ಸಿಟ್ಟು ಬರಲಿಲ್ಲ.

ಊಟವಾಗುತ್ತಲೇ ಮಳೆ ಬಂತು. ಹನಿ ಹನಿಯಲ್ಲ, ಜೋರು ಮಳೆ. ಮಲಗುವ ಚೀಲದೊಳಗೆ ಮುದುಡಿಕೊಂಡು ನಾನು ಕೈಯಿಂದ ನೆಲ ಮುಟ್ಟಿ ಮುಟ್ಟಿ ನೋಡಿದೆ. ಒಣಗಿತ್ತು. ಮೂಲೆ ಮುಟ್ಟಿದೆ. ಅದೂ ಒಣಗಿತ್ತು. ಒಂದು ಕಡೆಯಾದರೂ ಸೋರಲಿ ಅಂತ ಒಳಗೊಳಗೇ ಕಾಯುತ್ತಿದ್ದೆನೋ ಏನೋ. ಮಗಳು ಹಾಯಾಗಿ ನಿದ್ದೆ ಹೋದಳು.

ಬೆಳಗ್ಗೆ ಅವಳು ಚಹಾಕ್ಕೆ ನೀರಿಟ್ಟಳು. ಮುಖದಲ್ಲಿ ಸೋತ ಕಳೆ ಎಲ್ಲೂ ಇರಲಿಲ್ಲ. ನನ್ನ ಉಪಾಯ ಕೆಟ್ಟಿತ್ತು. ಉಳಿದದ್ದು ಒಂದೇ ದಾರಿ, ಅವ್ವ. ವಿಜಯಪುರದಲ್ಲಿ ತಮ್ಮನ ಮನೆಯಲ್ಲಿರುವ ಅವ್ವನಿಗೆ ಭಾನುವಾರ ಹೇಗೂ ವಿಡಿಯೊ ಕಾಲ್ ಮಾಡುತ್ತೇನೆ. ಮೊಮ್ಮಗಳು ಅಜ್ಜಿಯ ಮಾತು ಮೀರುವುದಿಲ್ಲ.

ಅವ್ವ ಅಡಿಗೆಮನೆಯಲ್ಲಿ ಕುಳಿತು ಮೆಂತ್ಯಪಲ್ಲೆ ಸೋಸುತ್ತಿದ್ದಳು. ಫೋನಿನತ್ತ ಕಣ್ಣು ಕಿರಿದು ಮಾಡಿ ನೋಡಿದಳು.

"ಎಲ್ಲಿ ಕುಂತೀಯವಾ? ಹಿಂದ ಏನದು ಹಸರಂದು?"

"ಟೆಂಟು ಬೇ."

"ಲಂಡನ್ನಿಗೆ ಹೋಗಿ ಟೆಂಟಿಗೆ ಬಂದೇನ?" ಅವ್ವ ನಕ್ಕ ನಗೆಗೆ ಅವಳ ತೊಡೆಯ ಮೇಲಿನ ಪಲ್ಲೆ ಚೆಲ್ಲಿತು. "ಇದರ ಸಲುವಾಗಿ ಬಿ.ಎಸ್ಸಿ. ಯಾಕ ಓದಬೇಕಿತ್ತ? ಇಲ್ಲೇ ಇದ್ದಿದ್ರ ನಾನೇ ಹಾಕಿ ಕೊಡ್ತಿದ್ದೆ."

ನಾನು ನಗಲಿಲ್ಲ. ವಿಷಯ ಹೇಳಿದೆ. ಮರುಭೂಮಿ, ಗುಡ್ಡ, ಹಗಲು ಬಿಸಿಲು, ರಾತ್ರಿ ಹೆಪ್ಪುಗಟ್ಟುವ ಥಂಡಿ, ನೀರಿಲ್ಲ, ಏನೂ ಇಲ್ಲ. "ನೀನರ ಹೇಳವಾ ಇಕಿಗೆ. ಟೆಂಟಿನ ತ್ರಾಸ ನಿನಗೂ ಗೊತ್ತು, ನನಗೂ ಗೊತ್ತು."

ಅವ್ವನ ಕೈ ಪಲ್ಲೆಯ ಮೇಲೆ ನಿಂತಿತು. "ನನಗ ಗೊತ್ತೈತಿ. ನಿನಗೇನ್ ಗೊತ್ತ?"

"ಹಂಗ್ಯಾಕಂತಿ?"

"ಮತ್ತ ಹೆಂಗನ್ಲಿ? ಸಣ್ಣಾಕಿ ಇದ್ದಾಗ ನಮ್ಮವ್ವನ ಹಂತ್ಯಾಕ ಊರಾಗ ಇದ್ದಿ. ಆಮ್ಯಾಲೆ ಹಾಸ್ಟೆಲ್ಲು. ಟೆಂಟಿಗೆ ಬರಾಕಿ ರಜಾಕ್ಕ, ಬೀಗರಂಗ. ನೀ ಬರೂ ಸುದ್ದಿ ಬಂತಂದ್ರ ನಿಮ್ಮಪ್ಪ ಮೇಸ್ತ್ರಿ ಕಾಲ ಹಿಡಿದು ಸಿಮೆಂಟ್ ಮುಚ್ಚೂ ಹೊಸಾ ತಾಡಪತ್ರಿ ಇಸ್ಕೊಂಡು ಬರ್ತಿದ್ದ. ನೀ ಮಲಗೂ ಜಾಗಾದಾಗ ಉಸುಕು ಹಾಕತಿದ್ದ. ಬಾಜೂಕಿನಾಕಿ ಕಡಿಂದ ನಾ ಕೌದಿ ಇಸ್ಕೋತಿದ್ನಿ. ನೀ ಬಸ್ ಹತ್ತಿ ಹ್ವಾದಿಂದ ಎಲ್ಲಾ ಅವರಿಗೆ ತಿರುಗಿ ಕೊಟ್ಟು, ನಮ್ಮ ಹರಕ ಕಟ್ಟತಿದ್ವಿ."

"ಯಾಕ ಹೇಳಲಿಲ್ಲ?" ಅಂದೆ.

"ಹೇಳಿದ್ರ ನೀ ಬರ್ತಿದ್ದೇನ? ಹಾಸ್ಟೆಲಿನ್ಯಾಗೇ ಇರ್ತೀನಿ ಅಂತಿದ್ದಿ." ಅವ್ವ ಮತ್ತೆ ಪಲ್ಲೆ ಸೋಸತೊಡಗಿದಳು. "ನನ್ನ ತ್ರಾಸ ನಂದು. ಅದನ್ನ ತೊಗೊಂಡು ಆ ಕೂಸಿಗ್ಯಾಕ ಅಡ್ಡ ಹಾಕ್ತಿ? ಹತ್ತ ವರ್ಷದಾಕಿನ್ನ ಹಾಸ್ಟೆಲಿಗೆ ಒಗದ್ರಿ ಅಂತ ಗ್ಯಾಂಗಿನ ಮಂದಿ ಎಲ್ಲಾ ನನಗ ಉಗುಳಿದ್ರು. ನನಗ ಅಂಜಿಕಿ ಇರಲಿಲ್ಲೇನ? ಬಿಟ್ಟು ಬಂದ್ವಿ ಇಲ್ಲೋ?"

ಅವ್ವ ಪಲ್ಲೆ ಪಕ್ಕಕ್ಕೆ ಸರಿಸಿ, "ಎಲ್ಲಿ, ಆಕಿ ಕೈಯಾಗ ಕೊಡು" ಅಂದಳು.

ಮಗಳು ಫೋನ್ ಹಿಡಿದುಕೊಂಡಳು. ಕನ್ನಡ ಅರ್ಥವಾಗುತ್ತದೆ, ಆದರೆ ನಮಗೆಲ್ಲ ಇಂಗ್ಲಿಷಿನಲ್ಲೇ ಅರ್ಧ ಉತ್ತರ. ಅಜ್ಜಿಗೆ ಮಾತ್ರ ಕಷ್ಟಪಟ್ಟು ಕನ್ನಡ ಕೂಡಿಸುತ್ತಾಳೆ.

"ಏ ಹುಡುಗಿ, ಅಲ್ಲಿ ಚೇಳು ಅದಾವೇನ?"

"ಇದಾವೆ ಅಜ್ಜಿ. ಶೂ ಹಾಕೋ ಮುಂಚೆ ಝಾಡಿಸಬೇಕು. ಟೀಚರ್ ಹೇಳಿದಾರೆ."

"ಅಷ್ಟು ಗೊತ್ತದಲ್ಲ? ಹಂಗಾರ ಹೋಗಿ ಬಾ."

ಫೋನ್ ಇಟ್ಟ ಮೇಲೆ ಟೆಂಟಿನ ಬಾಗಿಲಲ್ಲಿ ಕುಳಿತೆ. ತಾಡಪತ್ರಿಯ ಹೊಸ ಪ್ಲಾಸ್ಟಿಕ್ ವಾಸನೆ ನನಗೆ ಇವತ್ತಿಗೂ ನೆನಪಿದೆ. ಟೆಂಟಿನ ವಾಸನೆಯೇ ಅದು ಅಂದುಕೊಂಡಿದ್ದೆ. ಪ್ರತಿ ರಜೆಗೂ ಅದು ಹೊಸದಾಗಿಯೇ ಹೇಗಿರುತ್ತಿತ್ತು ಅಂತ ಒಮ್ಮೆಯೂ ಕೇಳಿಕೊಳ್ಳಲಿಲ್ಲ. ರಕ್ತದಲ್ಲಿ ಇರುವುದು ಇಲ್ಲದ್ದು ಹುಡುಕುವುದೇ ನನ್ನ ಕೆಲಸ, ಇದು ಕಾಣಲಿಲ್ಲ. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವನನ್ನು ಕೇಳುವ ಹಾಗಿಲ್ಲ. ಮಗಳ ಭಾಷೆಯಲ್ಲಿ ಹೇಳಬೇಕೆಂದರೆ, ಪ್ರಿಮಿಟಿವ್ ಸೈಟಿನಲ್ಲಿ ಇದ್ದವರು ಅವರಿಬ್ಬರು. ನನಗೆ ಅವರು ಕೊಟ್ಟದ್ದು ಡೆವಲಪ್ಡ್.

ಹೆಮ್ಮೆ ಹೋಯಿತು ಅಂತ ಹೇಳಲಾರೆ. ಓದಿದ್ದು ನಾನೇ, ಪಾಸಾದದ್ದು ನಾನೇ. ಆದರೆ ಊಟದ ಮೇಜಿನಲ್ಲಿ ಟೆಂಟಿನಲ್ಲಿ ಬೆಳೆದವರು ಅನ್ನುವ ಆ ಮಾತನ್ನು ಅವತ್ತಿನಿಂದ ಹಾಗೆ ಹೇಳಿಲ್ಲ.

ಮಗಳು ಹಿಂದಿನಿಂದ ಬಂದು ಕುಳಿತಳು. ಗೆದ್ದ ಜಂಬ ಇರಲಿಲ್ಲ. "ನಿನಗೆ ಬೇಡ ಅಂದ್ರೆ ನಾನು ಹೋಗಲ್ಲ. ಐ ಮೀನ್ ಇಟ್" ಅಂದಳು.

ಈ ಮಾತು ಹಿಂದಿನ ದಿನ ಹೇಳಿದ್ದರೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ. "ಮೊದಲು ಟೆಂಟು ಮಡಚು" ಅಂದೆ. ಅವಳು ಗೂಟ ಕೀಳುತ್ತಿರುವಾಗಲೇ ಶಾಲೆಯ ಆ್ಯಪ್ ತೆಗೆದು ಒಪ್ಪಿಗೆ ಒತ್ತಿದೆ. ಅವಳ ಫೋನಿಗೂ ಸುದ್ದಿ ಹೋಯಿತೆಂದು ಕಾಣುತ್ತದೆ. ಗೂಟ ಕೈಯಲ್ಲಿ ಹಿಡಿದೇ ಬಂದು ತಬ್ಬಿಕೊಂಡಳು. ಬೆನ್ನಿಗೆ ಚುಚ್ಚಿತು.

ಮಗಳು ಮೊರಾಕೊಗೆ ಹೋದ ಮೊದಲೆರಡು ದಿನ ಫೋಟೊಗಳು ಬಂದವು. ಮಣ್ಣುಗೋಡೆಯ ಅಂಗಳ, ಸಾಲಾಗಿ ಟೆಂಟುಗಳು, ಒಂದು ನಲ್ಲಿ, ಹಿಂದೆ ಸುಟ್ಟ ಇಟ್ಟಿಗೆಯ ಬಣ್ಣದ ಬೋಳು ಬೆಟ್ಟ. ಆಮೇಲೆ ಮೇಲಕ್ಕೆ ಹತ್ತಿದರು, ಸಿಗ್ನಲ್ ಹೋಯಿತು. ನಾನು ಕೆಲಸಕ್ಕೆ ಹೋದೆ, ಬಂದೆ. ಟ್ರಾಮಿನಲ್ಲಿ ಕುಳಿತು ಮೆಸೇಜು ಬಂತೇನೋ ಅಂತ ಮತ್ತೆ ಮತ್ತೆ ಫೋನ್ ತೆಗೆದು ನೋಡಿದೆ.

ಒಂದು ಬೆಳಗ್ಗೆ ಲ್ಯಾಬಿನಲ್ಲಿ ಟೀ ಬ್ರೇಕಿನ ಹೊತ್ತಿಗೆ ಮಗಳ ಫೋನ್ ಬಂತು. ಕಾರಿಡಾರಿಗೆ ಓಡಿದೆ. ನೀರು ತುಂಬಿಕೊಳ್ಳಲು ಒಂದು ಹಳ್ಳಿಗೆ ಇಳಿದಿದ್ದಾರಂತೆ. ಅವಳ ಮೂಗು ಕಟ್ಟಿತ್ತು.

"ನೆಲ ಎಲ್ಲಾ ಕಲ್ಲು, ಅಮ್ಮಾ. ಗೂಟ ಇಳಿಯೋದೇ ಇಲ್ಲ. ಹಗ್ಗಕ್ಕೆ ದೊಡ್ಡ ಕಲ್ಲು ಕಟ್ಟಿದ್ವಿ. ಗಾಳಿ ಇನ್‌ಸೇನ್. ಬಾಟಲಿನಲ್ಲಿ ನೀರು ಐಸ್ ಆಗಿತ್ತು." ದನಿ ತಗ್ಗಿಸಿದಳು. "ರಾತ್ರಿ ನಾನು ಅತ್ತುಬಿಟ್ಟೆ. ಯಾರಿಗೂ ಗೊತ್ತಿಲ್ಲ."

ಫೋನನ್ನು ಕಿವಿಗೆ ಒತ್ತಿ ಹಿಡಿದೆ.

"ಇವತ್ತು ಮತ್ತೆ ಮೇಲೆ ಹೋಗಬೇಕು, ಇನ್ನೂ ಎತ್ತರ. ಬೇಡ ಅಂದ್ರೆ ಒಬ್ಬರು ಟೀಚರ್ ಜೊತೆ ಇಲ್ಲೇ ಹಳ್ಳೀಲಿ ಇರಬಹುದು. ವಾಟ್ ಶುಡ್ ಐ ಡು?"

ಹಳ್ಳಿಯಲ್ಲೇ ಇರು ಅನ್ನುವ ಮಾತು ಬಾಯಿಗೆ ಬಂದಿತ್ತು. ಹಲ್ಲಿನ ಹಿಂದೆಯೇ ಇತ್ತು.

"ಅಮ್ಮಾ? ಆರ್ ಯು ದೇರ್?"

"ಅದೀನಿ. ನಿನಗ ಹೋಗಬೇಕನಸ್ತದೇನು?"

"...ಯೆಸ್."

"ಮತ್ತ ನನ್ನ ಯಾಕ ಕೇಳ್ತಿ? ಅಳು ಬಂದ್ರ ಅತ್ತುಬಿಡು. ಥಂಡಿಗೆ ಕಿವಿ ಮುಚ್ಚಿಕೊಂಡು ಮಲಗು."

ಅವಳು ನಕ್ಕಳೋ ಮೂಗು ಒರೆಸಿದಳೋ ತಿಳಿಯಲಿಲ್ಲ. ಯಾರೋ ಹಿಂದಿನಿಂದ ಅವಳನ್ನು ಕೂಗಿದರು. "ಬೈ ಅಮ್ಮಾ, ಗಾಟ್ ಟು ಗೋ" ಅಂದಳು, ಲೈನ್ ಕಟ್ಟಾಯಿತು.

ಬ್ರೇಕ್ ಇನ್ನೂ ಸ್ವಲ್ಪ ಉಳಿದಿತ್ತು. ಮುಖ ತೊಳೆದುಕೊಂಡು, ಒಳಗೆ ಹೋಗಿ, ಗ್ಲೌಸ್ ಹಾಕಿಕೊಂಡು ಮುಂದಿನ ಸ್ಯಾಂಪಲ್ ತೆಗೆದುಕೊಂಡೆ.